ಕುರ್ಚಿಗೆ ಸಿಗದ ಬೇಸ್

ತಾನು ಸೌಂಡಿನವನು ಎನ್ನುವುದರಲ್ಲಿ ಕಾಂತರಾಜ್‌ಗೆ ಇದುವರೆಗೆ ಅನುಮಾನ ಬಂದದ್ದಿಲ್ಲ. ಭೇರ್ಯದಲ್ಲಿ ಇಪ್ಪತ್ತೆಂಟು ವರ್ಷದಿಂದ ಸೌಂಡ್ ಸರ್ವಿಸ್ ನಡೆಸಿಕೊಂಡು ಬಂದವನು. ಮದುವೆಯಾಗಲಿ, ನಾಮಕರಣವಾಗಲಿ, ಚುನಾವಣೆಯ ಸಭೆಯಾಗಲಿ, ಬಾಕ್ಸ್ ಇಳಿಸಿ, ವೈರ್ ಎಳೆದು, ಮಿಕ್ಸರ್ ಹಿಂದೆ ನಿಂತನೆಂದರೆ ಅರ್ಧ ಗಂಟೆಯೊಳಗೆ ಅಕ್ಕಪಕ್ಕದ ಮೂರು ಊರಿಗೆ ಸುದ್ದಿ ಮುಟ್ಟುತ್ತಿತ್ತು. ಅಂಥವನು ಈ ಗುರುವಾರ ಮಿರ್ಲೆಯ ರೈಸ್‌ಮಿಲ್ ನಂಜಣ್ಣನವರ ಮನೆ ಬಾಗಿಲಲ್ಲಿ, ಕೈಯಲ್ಲೊಂದು ಸ್ಕ್ರೂಡ್ರೈವರ್ ಹಿಡಿದುಕೊಂಡು, ಕೆಟ್ಟಿರುವುದು ತನ್ನ ಕಿವಿಯೋ ನಂಜಣ್ಣನವರ ಕಿವಿಯೋ ಗೊತ್ತಾಗದೆ ನಿಂತಿದ್ದ.

ಬರೀ ಸೌಂಡಿನ ಮಾತಾಗಿದ್ದರೆ ಅವನು ಇಷ್ಟೊಂದು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಂಜಣ್ಣನವರ ಮಗ ಉಮಾಶಂಕರನಿಗೆ ತನ್ನ ಮಗಳು ಪೂಜಾಳನ್ನು ಕೊಡುವ ಮಾತು ನಡೆದಿತ್ತು. ಹುಡುಗ ಹುಣಸೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ, ಹುಡುಗಿ ಕೆ.ಆರ್. ನಗರದ ಶಾಲೆಯಲ್ಲಿ. ಇಬ್ಬರೂ ಒಪ್ಪಿದ್ದರು, ಜಾತಕವೂ ಒಪ್ಪಿತ್ತು. ವೀಳ್ಯಶಾಸ್ತ್ರಕ್ಕೆ ಒಂದು ದಿನ ಗೊತ್ತು ಮಾಡುವುದಷ್ಟೇ ಬಾಕಿ. ಆ ದಿನವನ್ನು ಗಂಡಿನ ತಂದೆ ಹೇಳಬೇಕು. ನಂಜಣ್ಣನವರು ಮೂರು ವಾರದಿಂದ ಹೇಳಿರಲಿಲ್ಲ.

ಬುಧವಾರ ಸಂಜೆ ಅವರ ಫೋನ್ ಬಂದಾಗ ಕಾಂತರಾಜ್ ಉಣ್ಣುತ್ತಿದ್ದವನು ಎಡಗೈಯಲ್ಲೇ ಎತ್ತಿದ್ದ.

"ಕಾಂತರಾಜ್ ಅವ್ರೇ, ಮೈಸೂರಿಂದ ಎರಡು ಸಬ್‌ವೂಫರ್ ಪೆಟ್ಟಿಗೆ ತರಿಸಿವ್ನಿ ಕಣ್ರೀ. ಎಲ್ಲಾ ಜೋಡಿಸಾಗದೆ, ಆದ್ರೆ ಆ ಗುಮ್ಮನ್ನೋ ಬೇಸೇ ಬತ್ತಿಲ್ಲ. ನೀವು ಸೌಂಡಿನೋರಲ್ವಾ, ನಾಳೆ ಬಂದು ಒಂಚೂರು ನೋಡಿ. ಅಂಗೇ ದಿನದ ಮಾತೂ ಆಡಾಣ."

ಆಗಲಿ ಎಂದು ಫೋನಿಟ್ಟ. ಇಟ್ಟ ಮೇಲೆ ಹೆದರಿಕೆ ಶುರುವಾಯಿತು. ಪೂಜಾಳಿಗೆ ಈ ಹಿಂದೆ ಎರಡು ಸಂಬಂಧ ಬಂದು ತಪ್ಪಿಹೋಗಿದ್ದವು. ಗಂಡಿನ ಕಡೆಯವರು ಬೇಡವೆಂದು ಬಾಯಿಬಿಟ್ಟು ಹೇಳುವ ಜನವಲ್ಲ, ಸಣ್ಣಪುಟ್ಟದರಲ್ಲಿ ಕೊಂಕು ತೆಗೆಯಲು ಶುರು ಮಾಡುತ್ತಾರೆ. ಪಿರಿಯಾಪಟ್ಟಣದವರು ನಿಮ್ಮೂರಿನ ರಸ್ತೆ ಸರಿಯಿಲ್ಲ ಎಂದರು. ಎಚ್.ಡಿ. ಕೋಟೆಯವರು ನಿಮ್ಮ ಮನೆ ಮುಂದಿನ ನಲ್ಲಿ ಸೋರುತ್ತದೆ ಎಂದರು. ನಲ್ಲಿಗೂ ಮದುವೆಗೂ ಏನು ಸಂಬಂಧವೆಂದು ಕೇಳುವ ಧೈರ್ಯ ಹೆಣ್ಣು ಹೆತ್ತವನಿಗೆ ಎಲ್ಲಿಂದ ಬರಬೇಕು. ಅವನು ಪ್ಲಂಬರನ್ನು ಕರೆಸಿ ನಲ್ಲಿ ರಿಪೇರಿ ಮಾಡಿಸಿದ್ದ, ಅವರು ಮತ್ತೆ ಬರಲಿಲ್ಲ. ಅದಾದ ಮೇಲೆ ಪೂಜಾ, "ಇನ್ಮೇಲೆ ಯಾರನ್ನೂ ಕರೀಬೇಡಿ ಅಪ್ಪ" ಎಂದಿದ್ದಳು. ಉಮಾಶಂಕರ ಬಂದು ನೋಡಿಕೊಂಡು ಹೋದ ದಿನ ಮಾತ್ರ, "ಇದಾದ್ರೆ ಆಗ್ಲಿ" ಎಂದಿದ್ದಳು. ಮಗಳ ಬಾಯಿಂದ ಅಷ್ಟು ಮಾತು ಹೊರಡುವುದೇ ಅಪರೂಪ ಎಂದು ಬಲ್ಲ ಕಾಂತರಾಜ್ ಅದನ್ನು ಹಗಲೂ ಇರುಳೂ ನೆನೆಯುತ್ತಿದ್ದ.

ಗುರುವಾರ ಮಿಲ್ಲಿಗೆ ರಜ, ಅಂಗಳದಲ್ಲಿ ಸದ್ದಿಲ್ಲ. ಹನ್ನೊಂದಕ್ಕೆ ಬಂದವನು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಟ್ಟ. ಉದ್ದನೆಯ ಹಾಲ್. ಬಾಗಿಲಿಗೆ ಎದುರಿನ ಗೋಡೆಯಲ್ಲಿ ಟಿ.ವಿ., ಅದರ ಎರಡೂ ಪಕ್ಕ ಸ್ಪೀಕರ್‌ಗಳು, ಆ ಗೋಡೆಯ ಎರಡು ಮೂಲೆಗಳಲ್ಲಿ ಎರಡು ಕಪ್ಪು ಪೆಟ್ಟಿಗೆಗಳು. ಒಂದೊಂದೂ ಅರ್ಧ ಮೂಟೆ ಅಕ್ಕಿಯಷ್ಟು ತೂಕ. ಹಾಲ್‌ನ ನಟ್ಟನಡುವೆ, ಫ್ಯಾನಿನ ಕೆಳಗೆ, ತೇಗದ ಕುರ್ಚಿ. ಅದರಲ್ಲಿ ರಿಮೋಟ್ ಹಿಡಿದು ನಂಜಣ್ಣನವರು ಕೂತಿದ್ದರು.

"ಕಿವಿ ಎರಡು ಇದ್ಮೇಲೆ ಪೆಟ್ಟಿಗೇನೂ ಎರಡಿರ್ಬೇಕು ಅಂದ ಅಂಗಡಿಯೋನು. ಎಡಗಡೆ ಬೇಸ್ ಎಡಕ್ಕೆ, ಬಲಗಡೆದು ಬಲಕ್ಕೆ. ಸ್ಟೀರಿಯೋ ಅಂತೆ. ಈಗ ನೋಡುದ್ರೆ ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ."

"ನೋಡಾಣ ಯಜಮಾನ್ರೇ."

"ಮೊದ್ಲು ಕೂತ್ಕಳಿ."

"ಇರ್ಲಿ, ಇರ್ಲಿ."

ಇರಲಿ ಎನ್ನುವುದು ಕಾಂತರಾಜ್‌ನ ಮನೆತನದ ಪಾಠ. ವೀಳ್ಯ ಆಗುವ ತನಕ ಹೆಣ್ಣಿನ ತಂದೆ ಗಂಡಿನ ಮನೆಯಲ್ಲಿ ಯಜಮಾನರ ಸಮಕ್ಕೆ ಕೂರಬಾರದು ಎಂದು ಅವನ ತಾತ ಹೇಳುತ್ತಿದ್ದರು. ತಾತ ಎಲ್ಲಿಂದ ಕಲಿತರೋ, ಅದನ್ನು ಯಾರೂ ಕೇಳಲಿಲ್ಲ. ತಂದೆ ಹಾಗೇ ಮಾಡಿದರು, ಕಾಂತರಾಜ್ ತನ್ನ ತಂಗಿಯ ಮದುವೆಯಲ್ಲಿ ಹಾಗೇ ಮಾಡಿದ. ಆದ್ದರಿಂದ ಬಾಗಿಲ ಬಳಿಯೇ, ಹಿಂಬದಿಯ ಗೋಡೆಗೆ ಬೆನ್ನು ತಾಗಿಸದೆ, ಕೈಯನ್ನು ಬಾಗಿಲುವಾಡದ ಮೇಲಿಟ್ಟು ನಿಂತುಕೊಂಡ.

ನಂಜಣ್ಣನವರು ರಿಮೋಟ್ ಒತ್ತಿದರು. ಯಾವುದೋ ಮಠದಲ್ಲಿ ಬಾರಿಸಿದ ನಗಾರಿಯ ರೆಕಾರ್ಡಿಂಗ್ ಅದು. ಮೊದಲ ಪೆಟ್ಟು ಬಿದ್ದದ್ದೇ ತಡ, ಕಾಂತರಾಜ್‌ನ ಅಂಗೈ ಕೆಳಗಿನ ಮರ ನಡುಗಿತು, ಎದೆಯೊಳಗೆ ಯಾರೋ ಗುದ್ದಿದ ಹಾಗಾಯಿತು. ಇಷ್ಟು ಒಳ್ಳೆಯ ಬೇಸನ್ನು ಅವನು ತನ್ನ ದೊಡ್ಡ ಬಾಕ್ಸ್‌ಗಳಿಂದಲೂ ಹೊರಡಿಸಿರಲಿಲ್ಲ.

"ಕೇಳುದ್ರಾ?" ಎಂದರು ನಂಜಣ್ಣನವರು, ಬೇಸರದಿಂದ. "ತಗಡು ಬಡ್ದಂಗೆ."

ಕಾಂತರಾಜ್ ಪೇಚಿಗೆ ಸಿಕ್ಕಿದ. ಚೆನ್ನಾಗಿದೆ ಎಂದರೆ ಎದುರು ಮಾತಾಡಿದಂತೆ, ಇಲ್ಲವೆಂದರೆ ಸುಳ್ಳು ಹೇಳಿದಂತೆ. ಕೊನೆಗೆ, "ಬತ್ತಾ ಅದೆ ಯಜಮಾನ್ರೇ, ಒಂಚೂರು ಸರಿ ಮಾಡಿದ್ರೆ ಇನ್ನೂ ಬತ್ತದೆ" ಎಂದ.

"ಎಲ್ಲಿ ಬತ್ತಾ ಅದೆ?"

ಕಾಂತರಾಜ್ ಪೆಟ್ಟಿಗೆ ಹತ್ತಿರ ಹೋಗಿ ಮಂಡಿಯೂರಿದ. ಹಿಂಬದಿಯಲ್ಲಿ ಎರಡು ತಿರುಗಣೆ, ಒಂದು ಸಣ್ಣ ಸ್ವಿಚ್. ಒಂದು ತಿರುಗಣೆ ಸದ್ದು ಏರಿಸುವುದಕ್ಕೆ. ಇನ್ನೊಂದು, ಯಾವ ಸ್ವರದಿಂದ ಕೆಳಗಿನದನ್ನು ಈ ಪೆಟ್ಟಿಗೆ ನುಡಿಸಬೇಕು ಎನ್ನುವುದಕ್ಕೆ. ಸದ್ದನ್ನು ಎರಡು ಗೆರೆ ಏರಿಸಿದ.

ನಂಜಣ್ಣನವರು ಶಿಸ್ತಿನ ಮನುಷ್ಯ. ಕೆಲಸ ನಡೆಯುವಾಗ ನಗಾರಿ ನಿಲ್ಲಿಸಿಬಿಡುತ್ತಿದ್ದರು. "ನೀವು ಹೋಗಿ ನಿಂತ್ಕಳಿ, ಆಮೇಲೆ ಹಾಕ್ತೀನಿ" ಎನ್ನುವರು. ಕಾಂತರಾಜ್ ಗೋಡೆ ಬದಿಯಲ್ಲಿ ತಲೆ ತಗ್ಗಿಸಿ ನಡೆದು ಬಾಗಿಲಿಗೆ ಬರುವನು, ಕೈಯನ್ನು ಮತ್ತೆ ಬಾಗಿಲುವಾಡದ ಮೇಲಿಡುವನು, ಆಮೇಲೆ ನಗಾರಿ. ಈ ಸಲ ಬಾಗಿಲ ಚಿಲಕ ಕಿಣಿಕಿಣಿ ಎಂದಿತು.

"ಈಗ?"

"ಈಗ್ಲೂ ಅಷ್ಟೇಯ."

ಇನ್ನೆರಡು ಗೆರೆ ಏರಿಸಿದ. ಅಡುಗೆಮನೆಯಿಂದ ನಂಜಣ್ಣನವರ ಹೆಂಡತಿ ನೀಲಾಂಬಿಕೆಯವರ ದನಿ ಬಂತು. "ರೀ, ಶೆಲ್ಫಲ್ಲಿ ಮುಚ್ಚಳ ಎಲ್ಲಾ ಕುಣೀತಾ ಅವೆ ಕಣ್ರೀ."

"ಯಾವ ಮುಚ್ಚಳ ಕುಣಿದದು? ಇಲ್ಲಿ ಸೊಳ್ಳೆ ಹಾರಿದ ಸದ್ದೂ ಇಲ್ಲ" ಎಂದರು ನಂಜಣ್ಣನವರು, ನಿಜವಾಗಿಯೂ ಆಶ್ಚರ್ಯಪಟ್ಟು.

ಕಾಂತರಾಜ್ ಅವರ ತಲೆಯ ಹಿಂಬದಿಯನ್ನೇ ನೋಡಿದ. ನಲವತ್ತು ವರ್ಷ ಮಿಲ್ಲಿನ ಸದ್ದಿನಲ್ಲಿ ಬದುಕಿದ ಮನುಷ್ಯ, ಕಿವಿ ಮಂದವಾಗಿರಬೇಕು ಎಂದುಕೊಂಡ. ಆದರೆ ಹಾಗೆ ಹೇಳುವುದಾದರೂ ಹೇಗೆ. ಅಷ್ಟರಲ್ಲಿ ನಂಜಣ್ಣನವರೇ ಕತ್ತು ತಿರುಗಿಸಿ ಅವನನ್ನು ಮೇಲಿಂದ ಕೆಳಗೆ ನೋಡಿ, "ಮದ್ವೆ ಮನೇಲಿ ಬಾಕ್ಸ್ ಪಕ್ಕದಲ್ಲೇ ನಿಂತು ನಿಂತು ಕಿವಿ ಒಂದ್ತರ ಆಗ್ಬುಡ್ತದೇನೋ, ಅಲ್ವಾ?" ಎಂದರು. ಕಾಂತರಾಜ್ ಹಲ್ಲು ಕಿರಿದ. ಒಳಗೊಳಗೇ ಅವಮಾನವಾಯಿತು.

ಆಮೇಲಿನ ಎರಡು ಗಂಟೆ ಹೇಗೆ ಕಳೆಯಿತೆಂದು ಅವನಿಗೇ ತಿಳಿಯಲಿಲ್ಲ. ವೈರ್ ಬದಲಿಸಿ ನೋಡಿದ. ಎಡದ ಪೆಟ್ಟಿಗೆಯನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ತಳ್ಳಿ ನೋಡಿದ. ಸೊಂಟ ಹಿಡಿದುಕೊಂಡಿತು. ಒಂದೇ ಪೆಟ್ಟಿಗೆ ಇಟ್ಟು ನೋಡಿದ. ಸಣ್ಣ ಸ್ವಿಚ್ ಏನೆಂದು ಕಂಪನಿಯ ಪುಸ್ತಕದಲ್ಲಿ ಓದಿದ. ಅದನ್ನು ತಿರುಗಿಸಿದರೆ ಒಂದು ಪೆಟ್ಟಿಗೆಯ ಪರದೆ ಹೊರಕ್ಕೆ ಉಬ್ಬುವಾಗ ಇನ್ನೊಂದರದು ಒಳಕ್ಕೆ ಹೋಗುತ್ತದೆ, ಎರಡೂ ಒಂದರ ಕೆಲಸವನ್ನೊಂದು ಕೆಡಿಸುತ್ತವೆ. ಗೊತ್ತಿದ್ದೂ, ಬೇರೆ ದಾರಿ ಕಾಣದೆ, ಒಂದರ ಸ್ವಿಚ್ ತಿರುಗಿಸಿದ.

"ಇದ್ದದ್ದೂ ಹೋಯ್ತಲ್ರೀ" ಎಂದರು ನಂಜಣ್ಣನವರು.

ಬಾಗಿಲಲ್ಲಿ ಮಾತ್ರ ಸದ್ದು ಸ್ವಲ್ಪ ಇಳಿದಿತ್ತೇ ಹೊರತು ಹೋಗಿರಲಿಲ್ಲ. ಸ್ವಿಚ್ಚನ್ನು ಮೊದಲಿನಂತೆ ಮಾಡಿದ. ಇದ್ದದ್ದೂ ಹೋಯಿತು ಎಂದ ಮೇಲೆ ಮೊದಲು ಏನೋ ಇತ್ತು ಎಂದಾಯಿತಲ್ಲ. ಇದ್ದದ್ದು ಎಷ್ಟು? ಇವರಿಗೆ ಕೇಳಿಸುತ್ತದೆಯೋ ಇಲ್ಲವೋ? ಕೇಳಿಸಿಯೂ ಕೇಳಿಸದಂತೆ ಕೂತಿದ್ದಾರೋ?

ಆ ಕೊನೆಯ ಯೋಚನೆ ತಲೆಗೆ ಬಂದದ್ದೇ ತಪ್ಪಾಯಿತು. ಒಮ್ಮೆ ಬಂದ ಮೇಲೆ ಎಲ್ಲವೂ ಅದಕ್ಕೆ ಸರಿಯಾಗಿ ಹೊಂದಿಕೊಂಡಿತು. ರಸ್ತೆ ಸರಿಯಿಲ್ಲ, ನಲ್ಲಿ ಸೋರುತ್ತದೆ, ಬೇಸ್ ಬರುವುದಿಲ್ಲ. ಮೂರು ವಾರದಿಂದ ದಿನ ಹೇಳದ ಮನುಷ್ಯ, ಬೆಳಗ್ಗೆಯಿಂದ ದಿನದ ಸುದ್ದಿಯನ್ನೇ ಎತ್ತದ ಮನುಷ್ಯ, ಎದೆ ನಡುಗಿಸುವ ನಗಾರಿಯನ್ನು ತಗಡು ಎನ್ನುತ್ತಾನೆಂದರೆ ಇನ್ನೇನು ಅರ್ಥ. ಭೇರ್ಯಕ್ಕೆ ವಾಪಸ್ ಹೋಗಿ ಪೂಜಾಳಿಗೆ ಏನು ಹೇಳುವುದು? ಬೇಸ್ ಬರಲಿಲ್ಲ ಮಗಳೇ, ಸಂಬಂಧ ತಪ್ಪಿತು, ಎಂದೇ? 

ಒಮ್ಮೆ ಪರೀಕ್ಷೆ ಮಾಡಿಯೇ ಬಿಡೋಣವೆಂದು ನಿಶ್ಚಯಿಸಿದ. ಏನೋ ತಿರುಗಿಸುವವನಂತೆ ಬಗ್ಗಿ ಎರಡೂ ಪೆಟ್ಟಿಗೆಗಳನ್ನು ಪೂರ್ತಿ ಆರಿಸಿದ. ಬಾಗಿಲಿಗೆ ಬಂದು ನಿಂತ. ನಗಾರಿ ಶುರುವಾಯಿತು. ಬಾಗಿಲುವಾಡ ಅಲುಗಲಿಲ್ಲ. ಎದೆಯೊಳಗಿನ ಗುದ್ದು ಇಲ್ಲ. ಈಗ ನಿಜವಾಗಿ ತಗಡು ಬಡಿದ ಹಾಗಿತ್ತು. ಕಿವಿ ಇದ್ದ ಯಾವನಿಗಾದರೂ ವ್ಯತ್ಯಾಸ ಗೊತ್ತಾಗಬೇಕು.

"ಈಗ ಎಂಗದೆ ಯಜಮಾನ್ರೇ?"

ನಂಜಣ್ಣನವರು ಕಣ್ಣು ಮುಚ್ಚಿ ಕೇಳಿದರು. "ಅಂಗೇ ಅದೆ. ಏನ್ ಯತ್ವಾಸ ಇಲ್ಲ."

ಕಾಂತರಾಜ್‌ಗೆ ಗೊತ್ತಾಯಿತು, ಇವರಿಗೆ ಸಂಬಂಧ ಬೇಡ. ಅಷ್ಟರಲ್ಲಿ ನಂಜಣ್ಣನವರು ಕಣ್ಣು ತೆರೆದು ಮೂಲೆಯ ಕಡೆ ನೋಡಿದರು. ಪೆಟ್ಟಿಗೆಗಳ ಮುಂದೆ ಉರಿಯುತ್ತಿದ್ದ ಪುಟ್ಟ ನೀಲಿ ದೀಪ ಇರಲಿಲ್ಲ. ಬಲಮೂಲೆ ನೋಡಿದರು. ಅಲ್ಲಿಯೂ ಇರಲಿಲ್ಲ.

"ಆರಿಸ್ಬುಟ್ಟು ಕೇಳ್ತಾ ಇದೀರಲ್ಲ" ಎಂದರು ನಿಧಾನವಾಗಿ. "ನನ್ನೇ ಪರೀಕ್ಷೆ ಮಾಡ್ತಿದೀರಾ ಕಾಂತರಾಜ್ ಅವ್ರೇ?"

ಕಾಂತರಾಜ್ ಓಡಿ ಹೋಗಿ ಎರಡನ್ನೂ ಹಾಕಿ ಬಂದ.  ನಗಾರಿ ನಿಲ್ಲಿಸುವುದನ್ನು ನಂಜಣ್ಣನವರು ಈ ಸಲ ಮರೆತರು.

"ಬೆಳಗ್ಗಿಂದ ನೋಡ್ತಿವ್ನಿ. ಇಲ್ಲದ್ದ ಅದೆ ಅಂತೀರಿ. ಇರೋದ ಆರಿಸ್ತೀರಿ. ಈ ಪೆಟ್ಟಿಗೆ ವಿಷ್ಯದಲ್ಲೇ ಇಂಗಾದ್ರೆ, ನಾಳೆ ಮಕ್ಕಳ ವಿಷ್ಯದಲ್ಲಿ ನಿಮ್ಮ ಮಾತ ನಾನು ಎಂಗ್ರೀ ನಂಬ್ಲಿ?"

ಆ ಮಾತು ಕಾಂತರಾಜ್‌ಗೆ ಚುಚ್ಚಿತು. ಇಪ್ಪತ್ತೆಂಟು ವರ್ಷದಲ್ಲಿ ಅವನನ್ನು ಸುಳ್ಳ ಎಂದವರಿಲ್ಲ. ತಗ್ಗಿಬಗ್ಗಿ ನಡೆದದ್ದು, ಸೊಂಟ ನೋಯಿಸಿಕೊಂಡದ್ದು, ಎಲ್ಲ ಸೇರಿ ನಾಲಿಗೆಗೆ ಬಂತು. ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿದ.

"ಸಂಬಂಧ ಬೇಡ ಅಂದ್ರೆ ಬೇಡ ಅಂತ ಬಾಯ್ಬುಟ್ಟು ಹೇಳ್ಬುಡಿ ಯಜಮಾನ್ರೇ. ನಾನು ಹೋಯ್ತೀನಿ. ಆದ್ರೆ ಪೆಟ್ಟಿಗೆ ಮೇಲೆ ಹಾಕಿ ಹೇಳ್ಬೇಡಿ. ನನ್ನ ಮಗಳಿಗೆ ಹೋಗಿ ಹೇಳಕ್ಕೆ ನನಗೊಂದು ಮಾತು ಬೇಕು."

ನಂಜಣ್ಣನವರು ಕುರ್ಚಿಯಲ್ಲೇ ತಿರುಗಿದರು. "ಸಂಬಂಧ ಬೇಡ ಅಂತ ಯಾರಂದೋರು?"

"ನೀವೇ. ಇಷ್ಟೊತ್ತೂ ಇನ್ನೇನಂದ್ರಿ?"

"ಬೇಸ್ ಇಲ್ಲ ಅಂದೆ ಕಣ್ರೀ."

"ಬೇಸ್ ಅದೆ ಕಣ್ರೀ, ಇಗೋ ಇಲ್ಲಿ ಬಾಗಿಲು ನಡುಗ್ತಾ ಅದೆ."

"ಇಲ್ಲಿ ಇಲ್ವಲ್ರೀ."

ಇಬ್ಬರು ಗಂಡಸರು, ಇಬ್ಬರಿಗೂ ಐವತ್ತು ದಾಟಿದೆ, ಒಂದೇ ಹಾಲ್‌ನಲ್ಲಿ ಎಂಟು ಹೆಜ್ಜೆ ದೂರದಲ್ಲಿ ನಿಂತು ಕೂತು, ಇದೆ ಇಲ್ಲ, ಇದೆ ಇಲ್ಲ ಎನ್ನುತ್ತಿದ್ದರು. ಒಬ್ಬನಾದರೂ ಎರಡು ಹೆಜ್ಜೆ ಆಚೀಚೆ ಸರಿದಿದ್ದರೆ ಆಗುತ್ತಿತ್ತು. ಆದರೆ ಒಬ್ಬರಿಗೆ ಯಜಮಾನಿಕೆ ಅಡ್ಡ, ಇನ್ನೊಬ್ಬನಿಗೆ ತಾತನ ಮಾತು ಅಡ್ಡ.

ನೀಲಾಂಬಿಕೆಯವರು ಕಾಫಿ ತಂದರು. ಅಡುಗೆಮನೆಯ ಬಾಗಿಲು ಟಿ.ವಿ. ಗೋಡೆಯ ಪಕ್ಕದಲ್ಲೇ. ಹೊರಟಾಗ ತಟ್ಟೆಯಲ್ಲಿ ಲೋಟಗಳು ಗಲಗಲ ಎನ್ನುತ್ತಿದ್ದವು. ಗಂಡನ ಕುರ್ಚಿಯ ಹತ್ತಿರ ಬರುವಾಗ ಸುಮ್ಮನಾದವು. ಅಲ್ಲೊಂದು ಲೋಟ ಕೊಟ್ಟು ಕಾಂತರಾಜ್ ಕಡೆ ಬಂದರು. ಬಾಗಿಲು ಸಮೀಪಿಸಿದಂತೆ ತಟ್ಟೆಯಲ್ಲಿ ಉಳಿದ ಒಂಟಿ ಲೋಟ ಮತ್ತೆ ಗಲಗಲ ಶುರು ಮಾಡಿತು. ಅವರ ಕೈ ನೆಟ್ಟಗೇ ಇತ್ತು. ಕಾಂತರಾಜ್ ಕೋಪವನ್ನು ಅರ್ಧಕ್ಕೆ ಬಿಟ್ಟು ಆ ಲೋಟವನ್ನೇ ನೋಡಿದ.

"ಅಕ್ಕಾವ್ರೇ, ಇನ್ನೊಂದ್ಸಲ ಆ ಕುರ್ಚಿ ತನಕ ಹೋಗಿ ಬತ್ತೀರಾ?"

ನೀಲಾಂಬಿಕೆಯವರು ಹೋದರು. ಲೋಟ ಸುಮ್ಮನಾಯಿತು. ಬಂದರು. ಗಲಗಲ ಎಂದಿತು.

"ಇದೇನ್ ಹೊಸದಾ ಅಣ್ಣೋರೇ" ಎಂದರು ಅವರು. "ಪೆಟ್ಟಿಗೆ ಬಂದ ದಿನದಿಂದ ಇಂಗೇಯ. ಕಸ ಗುಡಿಸುವಾಗ ಅಡ್ಗೆಮನೆ ತಾವ ಗುಡುಗ್ತದೆ, ನಡುವ್ಕೆ ಬಂದ್ರೆ ಇಲ್ಲ, ಬಾಗ್ಲಿಗೆ ಬಂದ್ರೆ ಮತ್ತೆ ಗುಡುಗ್ತದೆ. ನನ್ನ ಯಾರು ಕೇಳ್ತಾರೆ. ನೀವೋಗಿ ಆ ಕುರ್ಚೀಲಿ ಕೂತ್ಕಳಿ. ಇವ್ರು ಬಂದು ಇಲ್ಲಿ ನಿಂತ್ಕಳ್ಳಿ. ಗೊತ್ತಾಯ್ತದೆ."

ನಂಜಣ್ಣನವರು ಎದ್ದರು. ಕಾಂತರಾಜ್ ಮಾತ್ರ ಅಲುಗಲಿಲ್ಲ.

"ಬನ್ನಿ" ಎಂದರು ನಂಜಣ್ಣನವರು.

"ಆ ಕುರ್ಚೀಲಿ ನಾನು ಕೂರಕ್ಕಾಗಲ್ಲ ಯಜಮಾನ್ರೇ. ವೀಳ್ಯ ಆಗೋಗಂಟ ನಮ್ಮಲ್ಲಿ ಕೂರಂಗಿಲ್ಲ."

ನಂಜಣ್ಣನವರು ಅವನ ಮುಖವನ್ನೇ ನೋಡಿದರು. "ಅದ್ಕಾ ನಿಂತಿದ್ದು? ನಮ್ಮನೇಲಿ ಕೂರಕ್ಕೆ ನಿಮಗೆ ಮನಸಿಲ್ಲ ಅಂದ್ಕಂಡೆ ನಾನು. ಹುಡುಗಿ ನೋಡಕ್ಕೆ ಬಂದಾಗ ನಿಮ್ಮನೇಲಿ ನಾವೆಲ್ಲ ಕೂತಿದ್ವಿ, ಇವತ್ತು ನಮ್ಮನೇಲಿ ಮೂರು ಗಂಟೆ ಹೊತ್ತಾದ್ರೂ ನೀವು ಕೂತಿಲ್ಲ. ಮಿಲ್ ಕೆಲ್ಸದಲ್ಲಿ ಮೂರು ವಾರ ಕಳೆದೋಯ್ತು, ಇವತ್ತು ದಿನ ಹೇಳಾಣ ಅಂತಿದ್ದೆ. ಇವ್ರಿಗೆ ನಮ್ಮ ಸಂಬಂಧ ಹಿಡಿಸ್ನಿಲ್ಲವೇನೋ, ದಿನ ಎಂಗೆ ಎತ್ತದು ಅಂತ ನಾನೂ ಸುಮ್ನಿದ್ದೆ."

 ಗೌರವ ಕೊಡುತ್ತಿದ್ದೇನೆ ಎಂದುಕೊಂಡು ಕಾಂತರಾಜ್ ನಿಂತಿದ್ದ, ಅವರು ಅದನ್ನು ತಿರಸ್ಕಾರ ಎಂದು ಓದಿಕೊಂಡು ಕೂತಿದ್ದರು. ಅವನು ಕುರ್ಚಿಯ ತನಕ ನಡೆದ. ನಡೆಯುತ್ತ ಒಂದೊಂದು ಹೆಜ್ಜೆಗೂ ನಗಾರಿ ಸಣ್ಣಗಾಗುತ್ತ ಬಂತು. ಕುರ್ಚಿಯ ಮುಂದೆ ಒಂದು ಗಳಿಗೆ ನಿಂತು, ಅಂಚಿನಲ್ಲಿ ಕೂತ, ಆಮೇಲೆ ಪೂರ್ತಿ ಕೂತ.

ಬೇಸ್ ಇರಲಿಲ್ಲ. ಕೋಲು ಚರ್ಮಕ್ಕೆ ತಾಗುವ ಟಕಟಕ ಸದ್ದಷ್ಟೇ, ನಗಾರಿಯ ಹೊಟ್ಟೆಯೇ ಇರಲಿಲ್ಲ. ಈ ಮನುಷ್ಯ ಬೆಳಗ್ಗೆಯಿಂದ ಹೇಳಿದ್ದು ಅಕ್ಷರಶಃ ನಿಜ. ಕಾಂತರಾಜ್‌ಗೆ ನಾಚಿಕೆಯಾಯಿತು. ಗೋಡೆಗೆ ಬಡಿದು ವಾಪಸ್ ಬರುವ ಸದ್ದೂ ಪೆಟ್ಟಿಗೆಯಿಂದ ಹೊರಡುವ ಸದ್ದೂ ಈ ನಟ್ಟನಡುವಿನ ಜಾಗದಲ್ಲಿ ಒಂದನ್ನೊಂದು ತಿಂದುಹಾಕುತ್ತಿರಬೇಕು ಎಂದು ಈಗ ಹೊಳೆಯಿತು. ಮದುವೆ ಮನೆಗಳಲ್ಲಿ ಅವನು ಯಾವಾಗಲೂ ಮಿಕ್ಸರ್ ಹಿಂದೆ ನಿಂತು ಕೇಳಿದವನೇ, ಊಟಕ್ಕೆ ಕೂತವರಿಗೆ ಏನು ಕೇಳಿಸುತ್ತದೆಂದು ಒಮ್ಮೆಯೂ ಹೋಗಿ ಕೂತು ನೋಡಿದವನಲ್ಲ.

ತಿರುಗಿ ನೋಡಿದ. ನಂಜಣ್ಣನವರು ಅವನ ಜಾಗದಲ್ಲಿ ನಿಂತು, ಬಾಗಿಲುವಾಡದ ಮೇಲೆ ಕೈಯಿಟ್ಟಿದ್ದರು. ಅವರ ಮುಖದಲ್ಲಿ ಮಗುವಿನಂಥ ಬೆರಗಿತ್ತು.

"ಎದೆಗೇ ಬಂದು ಗುದ್ದುತ್ತದಲ್ರೀ" ಎಂದರು. "ಇಷ್ಟೊತ್ತೂ ಇದ್ನ ಕೇಳ್ತಾ ನಿಂತಿದ್ರಾ?"

"ಹೂಂ."

"ನಾನು ನಿಮ್ಮ ಸುಳ್ಳ ಅಂದ್ಬುಟ್ಟೆ."

"ನಾನೂ ಅಂದ್ಕಂಡೆ ಯಜಮಾನ್ರೇ. ಬಾಯ್ಬುಟ್ಟು ಅನ್ನಲಿಲ್ಲ ಅಷ್ಟೇಯ."

ಕೆಲಸವೇನೋ ಈಗ ಸುಲಭ. ಕುರ್ಚಿಯನ್ನು ಮೂರಡಿ ಹಿಂದಕ್ಕೆ ಎಳೆದರೆ ಮುಗಿಯಿತು. ಆದರೆ ಕಾಂತರಾಜ್ ಏಳಲಿಲ್ಲ. ಬಾಗಿಲಲ್ಲಿ ನಿಂತ ನಂಜಣ್ಣನವರನ್ನು ನೋಡುತ್ತಿದ್ದಂತೆ ಆ ಜಾಗದಲ್ಲಿ ಅವನಿಗೆ ಪೂಜಾ ಕಂಡಳು. ತಲೆ ತಗ್ಗಿಸಿ, ಕೈಯನ್ನು ಬಾಗಿಲುವಾಡದ ಮೇಲಿಟ್ಟು, ಇರ್ಲಿ ಇರ್ಲಿ ಎನ್ನುತ್ತ. ತಾತನ ಪಾಠವನ್ನು ಅವನು ಮಗಳಿಗೂ ಕಲಿಸಿದ್ದ. ಒಳ್ಳೆಯದೆಂದೇ ಕಲಿಸಿದ್ದ. ಮೂರು ಗಂಟೆ ನಿಂತದ್ದಕ್ಕೇ ಎರಡು ಮನೆಯವರು ಒಬ್ಬರನ್ನೊಬ್ಬರು ಸುಳ್ಳರೆಂದುಕೊಂಡರು, ಅವಳು ಮೂವತ್ತು ವರ್ಷ ನಿಂತರೆ ಏನಾಗಬೇಡ. 

"ಯಜಮಾನ್ರೇ, ಒಂದು ಮಾತು. ನನ್ನ ಮಗಳು ಈ ಮನೆಗೆ ಬಂದ್ರೆ ನೀವು ನಿಂತಿರೋ ಜಾಗದಲ್ಲೇ ನಿಂತಿರ್ತಾಳೆ. ಕೂತ್ಕೋ ಅಂದ್ರೂ ಇರ್ಲಿ ಅಂತಾಳೆ. ನಾನೇ ಕಲಿಸಿವ್ನಿ, ತಪ್ಪು ನಂದೇಯ. ಅವಳಿಗೆ ಮನಸಿಲ್ಲ ಅಂತ ತಿಳ್ಕಬೇಡಿ."

ನೀಲಾಂಬಿಕೆಯವರು ಸೆರಗಿನಿಂದ ಮುಖ ಒರೆಸಿಕೊಂಡರು. ನಂಜಣ್ಣನವರು ರಿಮೋಟ್ ಒತ್ತಿ ನಗಾರಿ ನಿಲ್ಲಿಸಿದರು. ಕಾಂತರಾಜ್ ಕುರ್ಚಿಯನ್ನು ಹಿಂದಕ್ಕೆ ಎಳೆಯಲೆಂದು ಏಳಹೋದಾಗ ನಂಜಣ್ಣನವರು ಕೈ ಅಡ್ಡ ಹಿಡಿದು ತಡೆದರು.

"ನೀವು ಕೂತಿರಿ ಬೀಗ್ರೇ. ಕುರ್ಚಿ ಈಗ್ಲೇ ಎಳೀಬೇಡಿ, ಪೆಟ್ಟಿಗೇನೂ ಮುಟ್ಬೇಡಿ. ಈ ಸೋಮವಾರ ಬಿಟ್ಟು ಮುಂದಿನ ಸೋಮವಾರ ವೀಳ್ಯ ಇಟ್ಕಳಣ. ನಿಮ್ಮ ಮಗು ಬರ್ಲಿ. ಈ ಹಾಲ್‌ನಲ್ಲಿ ತಾನು ಎಲ್ಲಿ ಕೂರ್ತೀನಿ ಅಂತ ಮೊದ್ಲು ಅವಳು ಹೇಳ್ಲಿ. ಆಮೇಲೆ ಆ ಜಾಗಕ್ಕೆ ಬೇಸ್ ಬರೋ ಅಂಗೆ ಪೆಟ್ಟಿಗೆ ಎಲ್ಲಿಡದು ಅಂತ ನಾವಿಬ್ರೂ ನೋಡಾಣ."

ಕಾಂತರಾಜ್‌ಗೆ ಕಣ್ಣು ತುಂಬಿ ಬಂತು.  ನೀಲಾಂಬಿಕೆಯವರು ತಟ್ಟೆಯಲ್ಲಿದ್ದ ಲೋಟವನ್ನು ಅವನ ಕೈಗೆ ಕೊಟ್ಟರು, ಅವನು ಕೂತಲ್ಲೇ ಕಾಫಿ ಕುಡಿದ.